ಹಾಟ್ ಫಝ್ ಸಿನಿಮಾನ ಪೂರ್ತಿ ಮಜಾ ತಗೊಂಡು ನೋಡೋದು ಹೇಗೆ

ಹಾಟ್ ಫಝ್ ಅಂತ 2007ರಲ್ಲಿ ಬಂದ ಬ್ರಿಟಿಷ್ ಕಾಮಿಡಿ ಸಿನಿಮಾ ಇದೆ. ಡೈರೆಕ್ಷನ್ ಎಡ್ಗರ್ ರೈಟ್, ಕಥೆ ಬರೆದಿರೋದು ಅವ್ರು ಮತ್ತೆ ಹೀರೋ ಸೈಮನ್ ಪೆಗ್ ಇಬ್ಬರೂ ಕೂತ್ಕೊಂಡು. ಲಂಡನ್ನಲ್ಲಿ ಸಿಕ್ಕಾಪಟ್ಟೆ ಚೆನ್ನಾಗಿ ಕೆಲಸ ಮಾಡೋ ಒಬ್ಬ ಪೊಲೀಸು, ಹೆಸರು ನಿಕೋಲಸ್ ಏಂಜೆಲ್, ಅವನನ್ನ ಸ್ಯಾಂಡ್‌ಫರ್ಡ್ ಅನ್ನೋ ಹಳ್ಳಿಗೆ ಎತ್ತಂಗಡಿ ಮಾಡ್ತಾರೆ, ಅಲ್ಲಿ ಹೋದ್ರೆ ಕ್ರೈಮೇ ಇಲ್ಲ, ತಪ್ಪಿಸ್ಕೊಂಡಿರೋ ಹಂಸ ಹಿಡಿಯೋದೇ ದೊಡ್ಡ ಕೇಸು, ಆದ್ರೆ ಆ ಊರಲ್ಲಿ ಜನ ಒಬ್ಬೊಬ್ಬರಾಗಿ ಆಕ್ಸಿಡೆಂಟಲ್ಲಿ ಸಾಯ್ತಾ ಹೋಗ್ತಾರೆ. ಕಥೆ ಇಷ್ಟು ಗೊತ್ತಿದ್ರೆ ಸಾಕು, ಇದಕ್ಕಿಂತ ಜಾಸ್ತಿ ನಾನೂ ಹೇಳಲ್ಲ, ಯಾರ ಹತ್ರಾನೂ ಕೇಳ್ಬೇಡಿ, ಟ್ರೇಲರ್ ಕೂಡ ನೋಡ್ಬೇಡಿ.

ಈ ಸಿನಿಮಾನ ಮೂವತ್ತು ನಲವತ್ತು ನಿಮಿಷ ನೋಡಿ ಸ್ಲೋ ಇದೆ ಅಂತ ಆಫ್ ಮಾಡಿದವ್ರು ನನಗೆ ಬೇಕಾದಷ್ಟು ಜನ ಗೊತ್ತು. ನಂಗೆ ನಿಜವಾಗ್ಲೂ ಹೊಟ್ಟೆ ಉರಿಯುತ್ತೆ ಅದನ್ನ ಕೇಳಿದ್ರೆ, ಯಾಕಂದ್ರೆ ಈ ಸಿನಿಮಾದ ಮೊದಲರ್ಧ ಪೂರ್ತಿ ಸಾಲ ಕೊಡೋ ಹಾಗೆ, ಎರಡನೇ ಅರ್ಧದಲ್ಲಿ ಅಸಲು ಬಡ್ಡಿ ಎಲ್ಲಾ ಸೇರಿಸಿ ನಿಮ್ಮ ಕೈಗೆ ವಾಪಸ್ ಕೊಡುತ್ತೆ. ಒಂದು ಡೈಲಾಗು, ಒಂದು ಬೋರ್ಡು, ಹಿಂದೆ ನಿಂತಿರೋ ಒಬ್ಬ ಮನುಷ್ಯ, ಪಬ್ಬಲ್ಲಿ ಏನು ಕುಡಿದ ಅನ್ನೋದು, ಯಾವುದೂ ವೇಸ್ಟ್ ಆಗಲ್ಲ. ಅದಕ್ಕೇ ಇದನ್ನ ನೋಡೋಕೆ ಸ್ವಲ್ಪ ತಯಾರಿ ಮಾಡ್ಕೊಂಡ್ರೆ ಒಳ್ಳೇದು.

ಕೂತ್ಕೊಳ್ಳೋ ಮೊದಲು

ಸಿನಿಮಾ 121 ನಿಮಿಷ, ಅಂದ್ರೆ ಎರಡು ಗಂಟೆ ಬಿಡುವು ಬೇಕು, ಒಂದೇ ಸಲಕ್ಕೆ. ಇವತ್ತು ಅರ್ಧ ನಾಳೆ ಅರ್ಧ ಮಾಡಿದ್ರೆ ನಾನು ಹೇಳಿದ ಲೆಕ್ಕ ಕೆಡುತ್ತೆ, ಮೊದಲ ದಿನ ಕೇಳಿದ ಡೈಲಾಗು ಎರಡನೇ ದಿನಕ್ಕೆ ಮರೆತುಹೋಗಿರುತ್ತೆ. ಶುಕ್ರವಾರ ಶನಿವಾರ ರಾತ್ರಿ ಊಟ ಮುಗಿಸ್ಕೊಂಡು ಕೂತ್ಕೊಳ್ಳಿ. ಊಟ ಮುಗಿಸ್ಕೊಂಡು ಅಂತ ಯಾಕೆ ಹೇಳ್ತಿದೀನಿ ಅಂದ್ರೆ ಇದರಲ್ಲಿ ರಕ್ತ ಇದೆ, ಕಾಮಿಡಿ ಅಂತ ನಂಬ್ಕೊಂಡು ತಟ್ಟೆ ಹಿಡ್ಕೊಂಡು ಕೂತವ್ರಿಗೆ ನಡುವೆ ಒಂದು ಸೀನ್ ಬರುತ್ತೆ, ಚರ್ಚ್ ಹತ್ರ ನಡೆಯೋ ಜಾತ್ರೆ ದಿನ, ಆಗ ತುತ್ತು ಇಳಿಯಲ್ಲ. ಬ್ರಿಟನ್ನಲ್ಲಿ ಇದಕ್ಕೆ 15 ಸರ್ಟಿಫಿಕೇಟ್ ಕೊಟ್ಟಿದಾರೆ, ಅಂದ್ರೆ 15 ವರ್ಷದೊಳಗಿನವ್ರಿಗೆ ಅಲ್ಲ ಅಂತ, ಅದು ಸರಿಯಾಗೇ ಇದೆ, ಬೈಗುಳಾನೂ ಸಿಕ್ಕಾಪಟ್ಟೆ ಇದೆ, ಚಿಕ್ಕ ಮಕ್ಕಳು ಮಲಗಿದ ಮೇಲೆ ಹಾಕಿ. ಅಪ್ಪ ಅಮ್ಮನ ಜೊತೆ ನೋಡಬಹುದಾ ಅಂದ್ರೆ, ಅವ್ರು ಇಂಗ್ಲಿಷ್ ಆಕ್ಷನ್ ಸಿನಿಮಾ ನೋಡಿ ಅಭ್ಯಾಸ ಇರೋರಾದ್ರೆ ಖಂಡಿತ ನೋಡಬಹುದು, ಮುಜುಗರ ಆಗೋ ಥರ ಬೆಡ್‌ರೂಮ್ ಸೀನ್ ಏನೂ ಇಲ್ಲ.

ಇಂಗ್ಲಿಷ್ ಸಬ್‌ಟೈಟಲ್ ಆನ್ ಮಾಡ್ಕೊಳ್ಳಿ. ಇಂಗ್ಲಿಷ್ ಚೆನ್ನಾಗಿ ಬರುತ್ತೆ ನಂಗೆ ಸಬ್‌ಟೈಟಲ್ ಬೇಡ ಅನ್ನೋರೂ ಇದಕ್ಕೆ ಆನ್ ಮಾಡ್ಕೊಳ್ಳಿ, ದಯವಿಟ್ಟು. ಈ ಕಥೆ ನಡೆಯೋ ಇಂಗ್ಲೆಂಡಿನ ನೈಋತ್ಯ ಭಾಗಕ್ಕೆ ವೆಸ್ಟ್ ಕಂಟ್ರಿ ಅಂತಾರೆ, ಅಲ್ಲಿ ಮಾತಾಡೋ ಧಾಟಿ ನಾವು ಬಿಬಿಸಿಲಿ ಕೇಳೋ ಇಂಗ್ಲಿಷ್ ಥರ ಇರಲ್ಲ, ರಕಾರಾನ ಎಳೆದು ಎಳೆದು ಹೇಳ್ತಾರೆ. ಜೊತೆಗೆ ಪಾತ್ರಗಳೆಲ್ಲ ಒಬ್ಬರ ಮಾತಿನ ಮೇಲೆ ಒಬ್ಬರು ಮಾತಾಡ್ತಾರೆ, ಬಾಯಿ ಒಳಗೇ ಗೊಣಗ್ತಾರೆ. ಒಂದೇ ಒಂದು ಸೀನಲ್ಲಿ ಮಾತ್ರ ಏನೂ ಅರ್ಥ ಆಗ್ಲಿಲ್ಲ ಅಂತ ಗಾಬರಿ ಆಗ್ಬೇಡಿ. ಒಬ್ಬ ಮುದುಕ ರೈತ ಬೇಲಿ ಕತ್ತರಿಸಿದ ಕಂಪ್ಲೇಂಟಿಗೆ ಉತ್ತರ ಕೊಡ್ತಾನೆ, ಅವನ ಮಾತು ಹಳೇ ಕಾನ್ಸ್‌ಟೇಬಲ್ ಒಬ್ಬನಿಗೆ ಮಾತ್ರ ಅರ್ಥ ಆಗುತ್ತೆ, ಆ ಕಾನ್ಸ್‌ಟೇಬಲ್ ಮಾತು ನಿಕೋಲಸ್ ಜೊತೆ ಕೆಲಸ ಮಾಡೋ ಹಳ್ಳಿ ಪೊಲೀಸ್ ಡ್ಯಾನಿಗೆ ಮಾತ್ರ ಅರ್ಥ ಆಗುತ್ತೆ, ಡ್ಯಾನಿ ಅದನ್ನ ನಿಕೋಲಸ್‌ಗೆ ಹೇಳ್ತಾನೆ. ಅಲ್ಲಿ ಲಂಡನ್ ಪೊಲೀಸಿಗೇ ಅರ್ಥ ಆಗ್ತಿಲ್ಲ, ನಿಮಗೆ ಆಗ್ಬೇಕು ಅಂತ ಯಾರೂ ಅಂದ್ಕೊಂಡಿಲ್ಲ. ಆ ರೈತನ ಕೊಟ್ಟಿಗೆಲಿ ಏನೇನು ಸಿಗುತ್ತೆ ಅನ್ನೋದನ್ನ ಮಾತ್ರ ನೆನಪಿಟ್ಕೊಳ್ಳಿ.

ಡಬ್ಬಿಂಗ್ ಸಿಕ್ರೂ ಒರಿಜಿನಲ್ ಆಡಿಯೋನೇ ಹಾಕಿ. ಟಿವಿ ಸ್ಪೀಕರ್ ಸುಮಾರಾಗಿದ್ರೆ ಹೆಡ್‌ಫೋನ್ ಹಾಕ್ಕೊಳ್ಳಿ. ಇದರ ಅರ್ಧ ಕಾಮಿಡಿ ಸೌಂಡಲ್ಲೇ ಇದೆ, ಅದನ್ನ ಮುಂದೆ ಹೇಳ್ತೀನಿ. ಮೊಬೈಲ್ ಬೇರೆ ರೂಮಲ್ಲಿ ಇಡಿ.

ಇನ್ನೊಂದು ತಯಾರಿ ಇದೆ, ಟೈಮ್ ಇದ್ರೆ ಮಾಡಿ. ಸಿನಿಮಾ ಒಳಗೇ ಇಬ್ಬರು ಪೊಲೀಸರು ಕೂತು ಎರಡು ಅಮೆರಿಕನ್ ಆಕ್ಷನ್ ಸಿನಿಮಾ ನೋಡ್ತಾರೆ, 1991ರ ಪಾಯಿಂಟ್ ಬ್ರೇಕ್ ಮತ್ತೆ 2003ರ ಬ್ಯಾಡ್ ಬಾಯ್ಸ್ 2. ಇವೆರಡನ್ನ ಪೂರ್ತಿ ನೋಡಿದ್ರೆ ಒಳ್ಳೇದು, ಆಗ್ದೇ ಇದ್ರೆ ಪಾಯಿಂಟ್ ಬ್ರೇಕ್ ಒಂದನ್ನಾದ್ರೂ ನೋಡಿ. ಇವೆರಡೂ ನೋಡ್ದೇ ಇದ್ರೂ ತೊಂದ್ರೆ ಏನಿಲ್ಲ, ಸಾಯಿಕುಮಾರ್ ಪೊಲೀಸ್ ಸಿನಿಮಾ, ದೇವರಾಜ್ ಪೊಲೀಸ್ ಸಿನಿಮಾ ನೋಡ್ಕೊಂಡು ಬೆಳೆದವ್ರಿಗೆ ಯೂನಿಫಾರ್ಮ್ ಹಾಕ್ಕೊಂಡು ನಿಧಾನಕ್ಕೆ ನಡ್ಕೊಂಡು ಬರೋ ಶಾಟ್ ಏನು ಅಂತ ಬೇರೆ ಯಾರೂ ಹೇಳ್ಕೊಡ್ಬೇಕಾಗಿಲ್ಲ.

ಅಲ್ಲಿನ ಊರು, ಅಲ್ಲಿನ ಪೊಲೀಸು

ಇದು ಸ್ವಲ್ಪ ಉದ್ದ ಆಗುತ್ತೆ ಆದ್ರೆ ಓದಿ, ಯಾಕಂದ್ರೆ ಇದು ಗೊತ್ತಿಲ್ದೆ ಹೋದ್ರೆ ಅರ್ಧ ನಗು ತಪ್ಪೋಗುತ್ತೆ.

ಮೊದಲನೇದು, ಇಂಗ್ಲೆಂಡಲ್ಲಿ ಸಾಮಾನ್ಯ ಪೊಲೀಸರ ಹತ್ರ ಗನ್ ಇರಲ್ಲ. 1829ರಲ್ಲಿ ಲಂಡನ್ನಲ್ಲಿ ಮೆಟ್ರೊಪಾಲಿಟನ್ ಪೊಲೀಸ್ ಶುರುವಾದಾಗಿನಿಂದ ಅವ್ರ ಪದ್ಧತಿನೇ ಅದು, ಜನರ ಒಪ್ಪಿಗೆ ಮೇಲೆ ಪೊಲೀಸ್ ಕೆಲಸ ಮಾಡ್ಬೇಕು, ಹೆದರಿಸಿ ಅಲ್ಲ ಅಂತ. ಲಾಠಿ, ಬೇಡಿ, ನೋಟ್‌ಬುಕ್ಕು, ರೇಡಿಯೋ ಇಂಥವೇ. ಗನ್ ಬೇಕಾದ್ರೆ ಅದಕ್ಕೇ ಟ್ರೈನಿಂಗ್ ಆದ ಬೇರೆ ಟೀಮ್ ಬರುತ್ತೆ. 1996ರಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಅನ್ನೋ ಊರಿನ ಸ್ಕೂಲಲ್ಲಿ ಒಬ್ಬ ಗುಂಡು ಹಾರಿಸಿ 16 ಪುಟ್ಟ ಮಕ್ಕಳನ್ನ, ಅವ್ರ ಟೀಚರ್‌ನ ಕೊಂದ, ಅದಾದ ಮೇಲೆ 1997ರಲ್ಲಿ ಪಿಸ್ತೂಲು ಇಟ್ಕೊಳ್ಳೋದನ್ನ ಸಾರ್ವಜನಿಕರಿಗೆ ಹೆಚ್ಚುಕಮ್ಮಿ ಪೂರ್ತಿ ಬ್ಯಾನ್ ಮಾಡಿದ್ರು. ಹಳ್ಳಿ ಕಡೆ ರೈತರು ಪೊಲೀಸ್ ಕೊಟ್ಟ ಸರ್ಟಿಫಿಕೇಟ್ ಇಟ್ಕೊಂಡು ಶಾಟ್‌ಗನ್ ಇಟ್ಕೊಂಡಿರ್ತಾರೆ. ಅಂದ್ರೆ ಬ್ರಿಟಿಷ್ ಹಳ್ಳಿಲಿ ಅಮೆರಿಕನ್ ಸಿನಿಮಾ ಥರ ಎರಡೂ ಕೈಲಿ ಗನ್ ಹಿಡ್ಕೊಂಡು ಹಾರೋದು ಆಗೋ ಮಾತೇ ಅಲ್ಲ, ಅದು ಕನಸು. ಡ್ಯಾನಿ ಅನ್ನೋ ಹಳ್ಳಿ ಕಾನ್ಸ್‌ಟೇಬಲ್‌ಗೆ ಇರೋದು ಅದೇ ಕನಸು. ಅವನು ಸೀರಿಯಸ್ಸಾಗಿ ನಿಕೋಲಸ್ ಹತ್ರ ಕೇಳ್ತಾನೆ, ಗಾಳಿಲಿ ಹಾರ್ತಾ ಎರಡು ಗನ್ನಲ್ಲಿ ಹೊಡೆದಿದೀರಾ, ಕಾರ್ ಚೇಸ್ ಮಾಡ್ತಾ ಹೊಡೆದಿದೀರಾ ಅಂತ. ನಿಕೋಲಸ್ ಇಲ್ಲ ಇಲ್ಲ ಅಂತಾನೆ. ಡ್ಯಾನಿ ಕೇಳೋ ಒಂದೊಂದು ಪ್ರಶ್ನೆನೂ ಎಣಿಸಿಟ್ಕೊಳ್ಳಿ.

ರ‍್ಯಾಂಕ್ ವಿಷಯ ಸಿಂಪಲ್. ಕಾನ್ಸ್‌ಟೇಬಲ್, ಅದರ ಮೇಲೆ ಸಾರ್ಜೆಂಟ್, ಇನ್‌ಸ್ಪೆಕ್ಟರ್, ಚೀಫ್ ಇನ್‌ಸ್ಪೆಕ್ಟರ್. ಶುರುವಲ್ಲೇ ನಿಕೋಲಸ್‌ನ ಹಳ್ಳಿಗೆ ಕಳಿಸೋ ಸೀನಲ್ಲಿ ಈ ಏಣಿನೇ ಕಾಮಿಡಿ, ನಿಮ್ಮ ಮೇಲಿನವ್ರನ್ನ ಕರೀರಿ ಅಂತ ಅವನು ಹೇಳ್ತಾ ಹೋದ ಹಾಗೆ ಮಾರ್ಟಿನ್ ಫ್ರೀಮನ್, ಆಮೇಲೆ ಸ್ಟೀವ್ ಕೂಗನ್, ಆಮೇಲೆ ಬಿಲ್ ನೈ ಅಂತ ಒಬ್ಬರಿಗಿಂತ ಒಬ್ಬರು ಫೇಮಸ್ ನಟರು ಒಳಗೆ ಬರ್ತಾರೆ. ಅವನನ್ನ ಯಾಕೆ ಕಳಿಸ್ತಾರೆ ಅಂದ್ರೆ, ಅವನ ಅರೆಸ್ಟ್ ರೆಕಾರ್ಡು ಬೇರೆಯವ್ರಿಗಿಂತ ಶೇ. 400 ಜಾಸ್ತಿ, ಅವನಿಂದ ಮಿಕ್ಕವ್ರ ಮರ್ಯಾದೆ ಹೋಗ್ತಿದೆ. ಸರ್ಕಾರಿ ಆಫೀಸಲ್ಲಿ ನಿಯತ್ತಾಗಿ ಕೆಲಸ ಮಾಡಿದ ಯಾರಿಗಾದ್ರೂ ಈ ಸೀನ್ ನೋಡಿದ್ರೆ ಎದೆಗೆ ತಾಗುತ್ತೆ.

ಎರಡನೇದು ಹಳ್ಳಿ. ಇಂಗ್ಲೆಂಡಲ್ಲಿ ಚಂದದ ಹಳ್ಳಿ ಸ್ಪರ್ಧೆ ಅಂತ ನಿಜವಾಗ್ಲೂ ನಡೆಯುತ್ತೆ, ಹೂವಿನ ಕುಂಡ ತೂಗುಹಾಕೋದು, ಹುಲ್ಲು ನೀಟಾಗಿ ಕತ್ತರಿಸೋದು, ಕಸ ಇಲ್ದೇ ಇರೋದು, ಬ್ರಿಟನ್ ಇನ್ ಬ್ಲೂಮ್ ಅನ್ನೋ ಹೂವಿನ ಸ್ಪರ್ಧೆ 1960ರ ದಶಕದಿಂದ ನಡ್ಕೊಂಡು ಬರ್ತಿದೆ. ಆ ಜನ ಇದನ್ನ ಆಟ ಅಂದ್ಕೊಳ್ಳಲ್ಲ, ಮಾನದ ಪ್ರಶ್ನೆ ಅಂದ್ಕೊಳ್ತಾರೆ. ಸ್ಯಾಂಡ್‌ಫರ್ಡ್ ವರ್ಷ ವರ್ಷ ಬೆಸ್ಟ್ ಹಳ್ಳಿ ಪ್ರಶಸ್ತಿ ಗೆಲ್ಲೋ ಊರು. ಹಾಗೇ ನೇಬರ್‌ಹುಡ್ ವಾಚ್ ಅಂತ, ಬೀದಿ ಜನ ಸೇರ್ಕೊಂಡು ಅಕ್ಕಪಕ್ಕ ಕಣ್ಣಿಡೋ ಕಮಿಟಿ, ಅದು 1980ರ ದಶಕದಿಂದ ಬ್ರಿಟನ್ ತುಂಬಾ ಇದೆ, ದೀಪದ ಕಂಬದ ಮೇಲೆ ಬೋರ್ಡ್ ಹಾಕಿರ್ತಾರೆ. ಸಿನಿಮಾದಲ್ಲಿ ಅದರ ಮೀಟಿಂಗ್ ಬಂದಾಗ ಬೋರ್ ಅಂತ ಎದ್ದು ನೀರು ಕುಡಿಯೋಕೆ ಹೋಗ್ಬೇಡಿ. ಅಲ್ಲಿ ಬೀದಿಲಿ ಬಣ್ಣ ಬಳ್ಕೊಂಡು ಪ್ರತಿಮೆ ಥರ ನಿಲ್ಲೋನ ಬಗ್ಗೆ ದೂರು ಬರುತ್ತೆ, ಅದೂ ಮುಖ್ಯ.

ಪಬ್ಬು ಅಂದ್ರೆ ಅಲ್ಲಿ ಊರಿನ ಕಟ್ಟೆ ಥರ, ಬರೀ ಕುಡಿಯೋ ಜಾಗ ಅಲ್ಲ, ಪಾದ್ರಿ, ಡಾಕ್ಟ್ರು, ಪೊಲೀಸು ಎಲ್ಲಾ ಅಲ್ಲೇ ಇರ್ತಾರೆ. ನಿಕೋಲಸ್ ಮೊದಲ ರಾತ್ರಿ ಪಬ್ಬಿಗೆ ಹೋಗಿ ಕ್ರ್ಯಾನ್‌ಬೆರಿ ಜ್ಯೂಸ್ ತಗೋತಾನೆ, ಅಷ್ಟರಲ್ಲೇ ಅವನು ಎಂಥ ಮನುಷ್ಯ ಅಂತ ಗೊತ್ತಾಗೋಗುತ್ತೆ. ಹಂಸದ ವಿಷಯಕ್ಕೆ ಬಂದ್ರೆ, ಇಂಗ್ಲೆಂಡಲ್ಲಿ ತೆರೆದ ನೀರಲ್ಲಿರೋ, ಯಾರ ಗುರುತೂ ಇಲ್ಲದ ಮ್ಯೂಟ್ ಅನ್ನೋ ಜಾತಿ ಹಂಸಗಳ ಮೇಲೆ ರಾಜಮನೆತನಕ್ಕೆ ಹಳೇ ಕಾಲದಿಂದ ಹಕ್ಕಿದೆ, ಆ ಹಕ್ಕಿನ ಬಗ್ಗೆ ಜನಕ್ಕೆ ಒಂಥರಾ ಭಯ ಭಕ್ತಿ. ಜೊತೆಗೆ ಹಂಸ ನೋಡೋಕೆ ಚಂದ ಇದ್ರೂ ಸಿಟ್ಟು ಬಂದ್ರೆ ಅಟ್ಟಿಸ್ಕೊಂಡು ಬರುತ್ತೆ, ಹತ್ರ ಹೋಗೋಕೆ ಅಲ್ಲಿ ಜನ ಹೆದರ್ತಾರೆ. ಇಬ್ಬರು ಪೊಲೀಸರು ಹಂಸ ಹಿಡಿಯೋಕೆ ಒದ್ದಾಡೋದು ಯಾಕೆ ಅಷ್ಟು ತಮಾಷೆ ಅಂತ ಇದರಿಂದ ಗೊತ್ತಾಗುತ್ತೆ.

ಹೆಸರುಗಳನ್ನೂ ಗಮನಿಸಿ. ಸ್ಕಿನ್ನರ್, ಫಿಶರ್, ಟಿಲ್ಲರ್, ವೀವರ್, ಕೂಪರ್, ಥ್ಯಾಚರ್, ರೀಪರ್, ಮೆಸೆಂಜರ್. ಊರವ್ರ ಹೆಸರು ಹೆಚ್ಚುಕಮ್ಮಿ ಎಲ್ಲಾ ಕಸುಬಿನಿಂದ ಬಂದಿರೋವು, ನಮ್ಮ ಉತ್ತರ ಕರ್ನಾಟಕದಲ್ಲಿ ಬಡಿಗೇರ, ಕಂಬಾರ, ಪತ್ತಾರ ಅಂತ ಇರುತ್ತಲ್ಲ ಹಂಗೆ. ಇಡೀ ಹಳ್ಳಿ ನೂರಾರು ವರ್ಷದಿಂದ ಅಲ್ಲೇ ಬೇರು ಬಿಟ್ಟಿದೆ, ಏಂಜೆಲ್ ಒಬ್ಬನೇ ಹೊರಗಿನೋನು ಅನ್ನೋದನ್ನ ಯಾರೂ ಬಾಯಿಬಿಟ್ಟು ಹೇಳ್ದೇ ಸಿನಿಮಾ ಬರೀ ಈ ಹೆಸರುಗಳಲ್ಲೇ ಹೇಳ್ಬಿಡುತ್ತೆ.

ಮೊದಲ ಸಲ ನೋಡ್ವಾಗ

ಮೊದಲ ನಿಮಿಷದಿಂದಾನೇ ಎಡಿಟಿಂಗ್ ಕಡೆ ಗಮನ ಕೊಡಿ. ನಿಕೋಲಸ್ ಲಂಡನ್ನಿಂದ ಹಳ್ಳಿಗೆ ಹೋಗೋದನ್ನ ಬೇರೆ ಯಾವ ಸಿನಿಮಾದಲ್ಲಾದ್ರೂ ಒಂದು ಹಾಡು ಹಾಕಿ ಹೊಲ ಗದ್ದೆ ತೋರಿಸಿ ಮುಗಿಸ್ತಿದ್ರು, ಇಲ್ಲಿ ಟಕ್ ಟಕ್ ಅಂತ ಕೆಲವೇ ಶಾಟ್, ರೈಲು, ಟ್ಯಾಕ್ಸಿ, ಕೈಲೊಂದು ಗಿಡದ ಕುಂಡ, ಮೊಬೈಲಲ್ಲಿ ಸಿಗ್ನಲ್ ಕಡ್ಡಿ ಒಂದೊಂದೇ ಮಾಯ ಆಗ್ತಾ ಹೋಗೋದು. ನಗು ಬರುತ್ತೆ, ಜೊತೆಗೆ ಅವನ ಒಂಟಿತನಾನೂ ಗೊತ್ತಾಗುತ್ತೆ. ಆಮೇಲೆ ಅವನು ಸ್ಟೇಷನ್ನಲ್ಲಿ ಫಾರಂ ತುಂಬೋದು, ಪೆನ್ ಕ್ಲಿಕ್ ಮಾಡೋದು, ಕಾಗದ ಫೈಲಿಗೆ ಹಾಕೋದು ಇದನ್ನೆಲ್ಲಾ ಬಾಂಬ್ ಬ್ಲಾಸ್ಟ್ ಥರ ಸೌಂಡ್ ಹಾಕಿ, ಕ್ಯಾಮೆರಾ ಝೂಮ್ ಮಾಡಿ, ಅಮೆರಿಕನ್ ಆಕ್ಷನ್ ಸ್ಟೈಲಲ್ಲಿ ಕಟ್ ಮಾಡಿದಾರೆ. ಪೊಲೀಸ್ ಕೆಲಸದಲ್ಲಿ ಮುಕ್ಕಾಲು ಪಾಲು ಬರವಣಿಗೆನೇ ಅನ್ನೋದು ಯಾವ ಪೊಲೀಸ್ ಸಿನಿಮಾನೂ ತೋರಿಸಲ್ಲ, ಇದು ತೋರಿಸುತ್ತೆ, ಅದೂ ಮೈ ಜುಂ ಅನ್ನೋ ಥರ. ಈ ಎಡಿಟಿಂಗ್ ಮಾಡಿರೋರು ಕ್ರಿಸ್ ಡಿಕನ್ಸ್, ಮುಂಬೈ ಸ್ಲಮ್ಮಿನ ಹುಡುಗನ ಕಥೆ ಇರೋ ಸ್ಲಮ್‌ಡಾಗ್ ಮಿಲಿಯನೇರ್‌ಗೂ ಇವ್ರದೇ ಎಡಿಟಿಂಗ್, ಅದಕ್ಕೆ ಆಸ್ಕರ್ ಬಂತು. ಇಷ್ಟು ಗೊತ್ತಾದ ಮೇಲೆ ಎರಡೂ ಸಿನಿಮಾದ ಓಟ ಒಂದ್ಸಲ ಹೋಲಿಸಿ ನೋಡಿ.

ಬ್ರಿಟಿಷ್ ಕಾಮಿಡಿ ಅಭ್ಯಾಸ ಇಲ್ದೇ ಇರೋರಿಗೆ ಒಂದು ಮಾತು, ಇಲ್ಲಿ ಯಾರೂ ಜೋಕ್ ಹೇಳ್ತಿದೀನಿ ಅಂತ ಮುಖ ಮಾಡಲ್ಲ, ಹಿಂದೆ ನಗೋ ಮ್ಯೂಸಿಕ್ ಬರಲ್ಲ, ನಗೋಕೆ ಟೈಮೂ ಕೊಡಲ್ಲ. ಎಲ್ಲರೂ ಸೀರಿಯಸ್ಸಾಗಿ, ಮರ್ಯಾದೆಯಿಂದ, ನಗುಮುಖ ಇಟ್ಕೊಂಡು ಮಾತಾಡ್ತಾರೆ, ಬೈಬೇಕಾದ್ರೂ ಸಾರಿ ಅಂತ ಶುರು ಮಾಡ್ತಾರೆ. ಸೂಪರ್‌ಮಾರ್ಕೆಟ್ ಮ್ಯಾನೇಜರ್ ಸೈಮನ್ ಸ್ಕಿನ್ನರ್ ಪಾತ್ರ ನೋಡಿ, ಮಾಡಿರೋದು ಟಿಮೊಥಿ ಡಾಲ್ಟನ್, 1987 ಮತ್ತೆ 1989ರಲ್ಲಿ ಜೇಮ್ಸ್ ಬಾಂಡ್ ಆಗಿದ್ದೋರು. ಆತ ಹಲ್ಲು ಕಿಸ್ಕೊಂಡು ಹೇಳೋ ಪ್ರತಿ ಮಾತಿಗೂ ಎರಡು ಅರ್ಥ ಬರುತ್ತೆ, ಮೊದಲ ಸಲ ಭೇಟಿ ಆದಾಗಿಂದಾನೇ. ಅವನ ಕಾರು ಬಂದು ನಿಂತಾಗ ಒಳಗೆ ಯಾವ ಹಾಡು ಬರ್ತಿದೆ ಅಂತಾನೂ ಕಿವಿ ಕೊಡಿ. ಡಾಲ್ಟನ್ ಇಷ್ಟು ಖುಷಿಯಾಗಿ ನಟಿಸಿರೋದನ್ನ ನಾನಂತೂ ಬೇರೆ ಎಲ್ಲೂ ನೋಡಿಲ್ಲ, ಬಾಂಡ್ ಆಗಿದ್ದಾಗಲೂ ಇಲ್ಲ.

ಮಿಕ್ಕ ಪಾತ್ರಗಳಲ್ಲಿ ನಿಮಗೆ ಪರಿಚಯದ ಮುಖಗಳು ಸಿಗ್ತಾವೆ. ಲೇಡಿ ಕಾನ್ಸ್‌ಟೇಬಲ್ ಆಗಿರೋದು ಒಲಿವಿಯಾ ಕೋಲ್ಮನ್, ಆಮೇಲೆ ಬೆಸ್ಟ್ ಆ್ಯಕ್ಟ್ರೆಸ್ ಆಸ್ಕರ್ ಗೆದ್ದವ್ರು. ಆ ಮುದುಕ ರೈತ ಡೇವಿಡ್ ಬ್ರಾಡ್ಲಿ, ಹ್ಯಾರಿ ಪಾಟರ್‌ಲಿ ಬೆಕ್ಕು ಇಟ್ಕೊಂಡು ಓಡಾಡೋ ಫಿಲ್ಚ್. ಸೂಪರ್‌ಮಾರ್ಕೆಟಲ್ಲಿ ಟ್ರಾಲಿ ತಳ್ಳೋ, ಒಂದೇ ಒಂದು ಪದ ಬಿಟ್ಟು ಬೇರೆ ಏನೂ ಮಾತಾಡದ ದೈತ್ಯ ರೋರಿ ಮಕ್‌ಕ್ಯಾನ್, ಗೇಮ್ ಆಫ್ ಥ್ರೋನ್ಸ್ ನೋಡಿದವ್ರಿಗೆ ಹೌಂಡ್. ಇನ್‌ಸ್ಪೆಕ್ಟರ್ ಬಟರ್‌ಮನ್ ಆಗಿ ಜಿಮ್ ಬ್ರಾಡ್‌ಬೆಂಟ್, ಎಂಥ ಪ್ರೀತಿಯ ಬಾಸ್ ಅಂದ್ರೆ ಸ್ಟೇಷನ್ನಲ್ಲಿ ತಪ್ಪು ಮಾಡಿದ್ರೆ ಶಿಕ್ಷೆ ಏನು ಗೊತ್ತಾ, ಎಲ್ಲರಿಗೂ ಕೇಕ್ ಇಲ್ಲ ಐಸ್‌ಕ್ರೀಮ್ ತರ್ಬೇಕು. ನಿಕೋಲಸ್‌ನ ಲಂಡನ್ ಮಾಜಿ ಗರ್ಲ್‌ಫ್ರೆಂಡು ಫೊರೆನ್ಸಿಕ್ ಡ್ರೆಸ್ಸಲ್ಲಿ ಮುಖ ಪೂರ್ತಿ ಮುಚ್ಕೊಂಡಿರ್ತಾಳೆ, ಅದು ಕೇಟ್ ಬ್ಲಾಂಚೆಟ್, ಹೆಸರೂ ಹಾಕ್ಸಿಲ್ಲ. ಶುರುವಲ್ಲಿ ಚಾಕು ಹಾಕೋ ಸಾಂಟಾ ಕ್ಲಾಸ್ ಯಾರು ಗೊತ್ತಾ, ಲಾರ್ಡ್ ಆಫ್ ದಿ ರಿಂಗ್ಸ್ ಡೈರೆಕ್ಟರ್ ಪೀಟರ್ ಜ್ಯಾಕ್ಸನ್.

ಈಗ ಮೊದಲರ್ಧದಲ್ಲಿ ಕಣ್ಣು ಬಿಡದೇ ನೋಡ್ಬೇಕಾದವು. ಹೋಟೆಲ್ ಕೌಂಟರಲ್ಲಿ ಕ್ರಾಸ್‌ವರ್ಡ್ ತುಂಬ್ತಾ ಕೂತಿರೋ ಅಜ್ಜಿ ಹೇಳೋ ಪದಗಳು, ನಿಕೋಲಸ್ ಹೇಳೋ ಉತ್ತರಗಳು. ಡ್ಯಾನಿ ನೋಟ್‌ಬುಕ್ ಮೂಲೆಲಿ ಗೀಚಿರೋ ಚಿತ್ರ. ಟೊಮ್ಯಾಟೋ ಸಾಸ್ ಪ್ಯಾಕೆಟ್ಟಲ್ಲಿ ಅವನು ಮಾಡೋ ಚೇಷ್ಟೆ. ಊರಿನ ಪುಟ್ಟ ಮಾದರಿ ಮಾಡಿಟ್ಟಿರೋ ಪಾರ್ಕು, ಮನೆ ಚರ್ಚು ಎಲ್ಲಾ ಮೊಣಕಾಲೆತ್ತರ. ಜಾತ್ರೆಲಿರೋ ಗುರಿ ಹೊಡೆಯೋ ಅಂಗಡಿ. ಹಿತ್ತಲ ಬೇಲಿ ಹಾರೋದು. ಹವ್ಯಾಸಿ ನಾಟಕ ತಂಡದ ರೋಮಿಯೋ ಜೂಲಿಯಟ್, ಎಷ್ಟೇ ಕೆಟ್ಟದಾಗಿದ್ರೂ ಪೂರ್ತಿ ನೋಡಿ. ಜನ ಮಾತಿನ ಮಧ್ಯೆ ಊರಿನ ಒಳ್ಳೇದಕ್ಕೆ ಅಂತ ಹೇಳೋ ಮಾತು, ಒಬ್ಬರು ಹೇಳಿದ್ರೆ ಮಿಕ್ಕವ್ರು ಕೋರಸ್ಸಲ್ಲಿ ಹೇಳ್ತಾರೆ.

ಅರ್ಧ ದಾಟಿದ ಮೇಲೆ ನಿಕೋಲಸ್ ಎಲ್ಲಾ ಸಾವುಗಳನ್ನೂ ಜೋಡಿಸಿ ಒಂದು ಉದ್ದದ ಥಿಯರಿ ಹೇಳ್ತಾನೆ, ಜಮೀನು, ರಸ್ತೆ, ದುಡ್ಡು, ಯಾರಿಗೆ ಏನು ಲಾಭ ಎಲ್ಲಾ ಇರುತ್ತೆ. ಇಲ್ಲಿ ಬೇಕಾದ್ರೆ ಪಾಝ್ ಮಾಡಿ, ಹಿಂದಕ್ಕೆ ಹೋಗಿ, ಇನ್ನೊಂದ್ಸಲ ಕೇಳಿ. ಅವನ ಥಿಯರಿ ಪ್ರತಿ ಎಳೆನೂ ಗಟ್ಟಿಯಾಗಿದೆ, ನಿಜವಾದ ಡಿಟೆಕ್ಟಿವ್ ಕಥೆಲಿ ಅದೇ ಕ್ಲೈಮ್ಯಾಕ್ಸ್ ಆಗ್ಬಹುದಿತ್ತು. ಅದನ್ನ ನೀವು ಮನಸಾರೆ ನಂಬಿದ್ರೆ ಮಾತ್ರ ಅದಾದ ಮೇಲೆ ಬರೋದು ಪೂರ್ತಿ ಹಿಡಿಸುತ್ತೆ.

ಕೊನೆ ಮುಕ್ಕಾಲು ಗಂಟೆ ಬಗ್ಗೆ ಏನೂ ಹೇಳಲ್ಲ, ಸೌಂಡ್ ಜಾಸ್ತಿ ಮಾಡ್ಕೊಳ್ಳಿ ಅಷ್ಟೇ. ಮ್ಯೂಸಿಕ್ ಡೇವಿಡ್ ಆರ್ನಾಲ್ಡ್, ನಿಜವಾದ ಬಾಂಡ್ ಸಿನಿಮಾಗಳಿಗೆ ಮ್ಯೂಸಿಕ್ ಕೊಟ್ಟಿರೋರು, ಇಲ್ಲೂ ಕಾಮಿಡಿ ಅಂತ ಒಂಚೂರೂ ಕಮ್ಮಿ ಮಾಡಿಲ್ಲ. ಎಷ್ಟೋ ಸಿನಿಮಾ ಆಕ್ಷನ್ ಹೀರೋಗಳನ್ನ ಗೇಲಿ ಮಾಡಿ ಬಿಟ್ಟುಬಿಡುತ್ತೆ. ರೈಟ್ ಮತ್ತೆ ಪೆಗ್ ಬರೆಯೋ ಮೊದಲು ನೂರಕ್ಕೂ ಹೆಚ್ಚು ಪೊಲೀಸ್ ಸಿನಿಮಾ ನೋಡಿದ್ರು, ನಿಜವಾದ ಪೊಲೀಸರ ಹತ್ರ ಕೂತು ಮಾತಾಡಿದ್ರು, ಅವ್ರಿಗೆ ಆ ಸಿನಿಮಾಗಳ ಮೇಲೆ ಪ್ರೀತಿ ಇದೆ, ಹಳ್ಳಿ ಪೊಲೀಸರ ಮೇಲೂ ಪ್ರೀತಿ ಇದೆ, ಹಾಗಾಗಿ ಕೊನೇಲಿ ನಗ್ತಾನೂ ಇರ್ತೀರ, ಜೊತೆಗೆ ಸೀಟಿನ ತುದಿಗೂ ಬಂದಿರ್ತೀರ.

ಸಿನಿಮಾದ ಜೀವ ಇರೋದು ನಿಕೋಲಸ್ ಮತ್ತೆ ಡ್ಯಾನಿ ದೋಸ್ತಿಲಿ. ಪೆಗ್ ಮತ್ತೆ ಡ್ಯಾನಿ ಪಾತ್ರ ಮಾಡಿರೋ ನಿಕ್ ಫ್ರಾಸ್ಟ್ ನಿಜ ಜೀವನದಲ್ಲೂ ಜಿಗ್ರಿ ದೋಸ್ತ್‌ಗಳು, ಒಂದೇ ಮನೇಲಿ ಬಾಡಿಗೆಗಿದ್ದೋರು, ಅದು ತೆರೆ ಮೇಲೆ ಕಾಣುತ್ತೆ. ಹೀರೋಗೆ ಹೊಸ ಹೀರೋಯಿನ್ ಇಲ್ಲ, ಲವ್ ಸ್ಟೋರಿ ಜಾಗದಲ್ಲಿ ಇರೋದು ಈ ಸ್ನೇಹನೇ. ಸೋಫಾ ಮೇಲೆ ಕೂತು ಡಿವಿಡಿ ನೋಡೋ ಆ ರಾತ್ರಿ ಸೀನ್ ನಂಗೆ ಇಡೀ ಸಿನಿಮಾದಲ್ಲಿ ಅತೀ ಇಷ್ಟ, ಕೆಲಸ ಬಿಟ್ಟು ಬೇರೆ ಏನೂ ಗೊತ್ತಿಲ್ಲದ ಒಬ್ಬ ಮನುಷ್ಯ ಮೊದಲ ಸಲ ಸುಮ್ನೆ ಕೂತ್ಕೊಳ್ಳೋದು ಕಲೀತಾನೆ ಅಲ್ಲಿ.

ಎರಡನೇ ಸಲ

ಎರಡನೇ ಸಲ ನೋಡ್ಲೇಬೇಕು, ಆದ್ರೆ ಮಾರನೇ ದಿನಾನೇ ಬೇಡ, ಒಂದು ತಿಂಗಳು ಬಿಟ್ಟು ನೋಡಿ, ಇನ್ನೂ ನೋಡ್ದೇ ಇರೋ ಒಬ್ಬ ಫ್ರೆಂಡ್‌ನ ಪಕ್ಕ ಕೂರಿಸ್ಕೊಂಡು. ನೀವು ಬಾಯಿ ಮುಚ್ಕೊಂಡಿರ್ಬೇಕು, ಈಗ ನೋಡು ಈಗ ನೋಡು ಅಂತ ಹೇಳೋ ಹಾಗಿಲ್ಲ. ಈ ಸಲ ಮುಂದೆ ಮಾತಾಡೋರನ್ನ ಬಿಟ್ಟು ಹಿಂದೆ ನಿಂತಿರೋರ ಮುಖ ನೋಡಿ, ಯಾರು ಯಾರ ಕಡೆ ಕಣ್ಣು ಹಾಯಿಸ್ತಾರೆ ಅಂತ. ಎಲ್ಲಾ ಗೊತ್ತಿದ್ದು ನೋಡಿದ್ರೆ ಮೊದಲರ್ಧದ ಸಾದಾ ಡೈಲಾಗುಗಳು ಬೇರೆನೇ ಆಗಿ ಕೇಳಿಸ್ತಾವೆ. ಸ್ಟೇಷನ್ ಕೌಂಟರಲ್ಲಿ ಕೂರೋ ಸಾರ್ಜೆಂಟ್ ಪಾತ್ರದಲ್ಲಿ ಬಿಲ್ ಬೈಲಿ ಇದಾರೆ, ಒಂದೊಂದು ಸಲ ಅವ್ರ ತಲೆಕೂದಲು, ಕೈಲಿರೋ ಪುಸ್ತಕ ಯಾಕೆ ಬೇರೆ ಥರ ಇರುತ್ತೆ ಅಂತ ಎರಡನೇ ಸಲಕ್ಕೆ ಸರಿಯಾಗಿ ನೋಡಬಹುದು. ನೇಬರ್‌ಹುಡ್ ವಾಚಿನ ಟಾಮ್ ವೀವರ್ ಆಗಿರೋ ಎಡ್ವರ್ಡ್ ವುಡ್‌ವರ್ಡ್ 1973ರಲ್ಲಿ ದಿ ವಿಕರ್ ಮ್ಯಾನ್ ಅನ್ನೋ ಹಾರರ್ ಸಿನಿಮಾದಲ್ಲಿ ದೂರದ ದ್ವೀಪಕ್ಕೆ ತನಿಖೆಗೆ ಹೋಗೋ ಪೊಲೀಸ್ ಆಗಿದ್ದೋರು, ಅವ್ರನ್ನೇ ಈ ಊರಿಗೆ ತಂದು ಕೂರಿಸಿರೋದು ಸುಮ್ಮನೆ ಅಲ್ಲ, ಅದನ್ನೂ ಆಮೇಲೆ ನೋಡಿ.

ಇದೇ ಟೀಮಿನ ಇನ್ನೆರಡು ಸಿನಿಮಾ ಇವೆ, 2004ರ ಶಾನ್ ಆಫ್ ದಿ ಡೆಡ್, 2013ರ ದಿ ವರ್ಲ್ಡ್ಸ್ ಎಂಡ್. ಮೂರರಲ್ಲೂ ಕಾರ್ನೆಟ್ಟೋ ಐಸ್‌ಕ್ರೀಮ್ ಬರುತ್ತೆ, ಮೊದಲನೇದರಲ್ಲಿ ರಕ್ತಕ್ಕೆ ಕೆಂಪು, ಇದರಲ್ಲಿ ಪೊಲೀಸಿಗೆ ನೀಲಿ, ಮೂರನೇದರಲ್ಲಿ ಏಲಿಯನ್‌ಗೆ ಹಸಿರು. ಕಥೆಗಳಿಗೆ ಸಂಬಂಧ ಇಲ್ಲ, ಯಾವ ಆರ್ಡರಲ್ಲಾದ್ರೂ ನೋಡಿ, ಆದ್ರೆ ಬೇಲಿ ಹಾರೋ ಜೋಕು ಶಾನ್ ನೋಡಿದವ್ರಿಗೆ ಇನ್ನೂ ಜಾಸ್ತಿ ಸಿಗುತ್ತೆ. ನನ್ನ ಕೇಳಿದ್ರೆ ಮೂರರಲ್ಲೂ ಹಾಟ್ ಫಝ್‌ದೇ ಸ್ಕ್ರಿಪ್ಟ್ ಅತೀ ಬಿಗಿಯಾಗಿರೋದು.

ಇಂಗ್ಲೆಂಡಲ್ಲಿ ಇರೋ ನಮ್ಮವ್ರಿಗೆ ಒಂದು ಹೆಚ್ಚಿನ ಅನುಕೂಲ ಇದೆ, ಆ ಊರಿಗೇ ಹೋಗಿಬರಬಹುದು. ಸ್ಯಾಂಡ್‌ಫರ್ಡ್ ಗ್ಲೌಸ್ಟರ್‌ಶೈರಲ್ಲಿದೆ ಅಂತ ಕಥೆಲಿ ಹೇಳ್ತಾರೆ, ಶೂಟಿಂಗ್ ಮಾಡಿರೋದು ಬಹುಪಾಲು ಸಾಮರ್‌ಸೆಟ್‌ನ ವೆಲ್ಸ್‌ನಲ್ಲಿ, 2006ರಲ್ಲಿ. ಅದು ಎಡ್ಗರ್ ರೈಟ್ ಬೆಳೆದ ಊರು, ಹುಡುಗನಾಗಿದ್ದಾಗ್ಲೇ ಅಲ್ಲಿ ಫ್ರೆಂಡ್ಸ್ ಸೇರಿಸ್ಕೊಂಡು ವಿಡಿಯೋ ಕ್ಯಾಮೆರಾದಲ್ಲಿ ಪೊಲೀಸ್ ಸಿನಿಮಾ ಒಂದನ್ನ ತೆಗೆದಿದ್ರು. ವೆಲ್ಸ್‌ನಲ್ಲಿ ಭಾರೀ ದೊಡ್ಡ ಕೆಥೆಡ್ರಲ್ ಇದೆ, ಹಳ್ಳಿ ಅಂತ ತೋರಿಸೋಕೆ ಅದು ಅಡ್ಡ ಬರುತ್ತೆ ಅಂತ ಅದನ್ನ ಕಂಪ್ಯೂಟರಲ್ಲಿ ಅಳಿಸಿಹಾಕಿದಾರೆ, ಸಿನಿಮಾದಲ್ಲಿ ಕಾಣೋ ಚರ್ಚ್ ಅಲ್ಲೇ ಹತ್ರದ ಸೇಂಟ್ ಕತ್ಬರ್ಟ್ಸ್. ಊರಿಗೆ ರೈಲಿಲ್ಲ, ಬಾತ್ ಅಥವಾ ಬ್ರಿಸ್ಟಲ್ ತನಕ ರೈಲಲ್ಲಿ ಹೋಗಿ ಅಲ್ಲಿಂದ ಬಸ್ ಹಿಡೀರಿ. ಬುಧವಾರ ಇಲ್ಲ ಶನಿವಾರ ಹೋದ್ರೆ ಮಾರ್ಕೆಟ್ ಪ್ಲೇಸಲ್ಲಿ ಸಂತೆನೂ ಸಿಗುತ್ತೆ, ಆದ್ರೆ ಸಿನಿಮಾದಲ್ಲಿರೋ ಥರ ಚೌಕ ಖಾಲಿ ಇರಬೇಕು, ಫೋಟೋ ತೆಗೀಬೇಕು ಅಂದ್ರೆ ಬೇರೆ ದಿನ ಬೆಳಿಗ್ಗೆ ಬೇಗ ಹೋಗಿ. ಚೌಕದ ಪಕ್ಕದಲ್ಲೇ ಬಿಷಪ್ಸ್ ಪ್ಯಾಲೇಸ್, ಅದರ ಸುತ್ತ ನೀರಿನ ಕಂದಕ, ಅಲ್ಲಿರೋ ಹಂಸಗಳು ಹಸಿವಾದ್ರೆ ಹಗ್ಗ ಎಳೆದು ಗಂಟೆ ಬಾರಿಸಿ ಊಟ ಕೇಳ್ತಾವೆ, ಇದು ಸಿನಿಮಾ ಕಥೆ ಅಲ್ಲ, 19ನೇ ಶತಮಾನದಿಂದ ನಡ್ಕೊಂಡು ಬಂದಿರೋ ಅಭ್ಯಾಸ. ಹತ್ರ ಮಾತ್ರ ಹೋಗ್ಬೇಡಿ.